ಶ್ರೀಕೂರ್ಮಕ್ಷೇತ್ರ ಮತ್ತು ಶ್ರೀನರಹರಿತೀರ್ಥರ ಶಿಲಾಶಾಸನ

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರ ನಾಮಸ್ಮರಣೆ ನಮ್ಮ ಮನೆಗಳಲ್ಲಿ ನಿತ್ಯವೂ ನಡೆಯುತ್ತದೆ. ಪದ್ಮನಾಭತೀರ್ಥರು, ನರಹರಿತೀರ್ಥರು, ಮಾಧವತೀರ್ಥರು, ಅಕ್ಷೋಭ್ಯತೀರ್ಥರು ಎಂದು ಗುರುಪರಂಪರೆಯನ್ನು ಚಿಕ್ಕ ಮಕ್ಕಳೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಆ ಎರಡನೆಯ ಹೆಸರು, ಅವರು ಈ ಭೂಮಿಯಲ್ಲಿ ಸಂಚರಿಸುತ್ತಿದ್ದ ಕಾಲದಲ್ಲಿಯೇ, ಶಕವರ್ಷಸಹಿತವಾಗಿ ಕಲ್ಲಿನ ಮೇಲೆ ಕೆತ್ತಲ್ಪಟ್ಟು, ಏಳು ಶತಮಾನಗಳ ಗಾಳಿ ಮಳೆ ಎಣ್ಣೆ ಕುಂಕುಮಗಳನ್ನು ಸಹಿಸಿಕೊಂಡು ಇಂದಿಗೂ ಒಂದು ದೇವಾಲಯದಲ್ಲಿ ನಿಂತಿದೆಯೆಂಬುದನ್ನು ಬಲ್ಲವರು ನಮ್ಮವರಲ್ಲಿ ವಿರಳ. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯಲ್ಲಿ, ಸಮುದ್ರಕ್ಕೆ ಸಮೀಪದಲ್ಲಿರುವ ಶ್ರೀಕೂರ್ಮಂ ಎಂಬ ಗ್ರಾಮವೇ ಆ ಸ್ಥಳ. ಭಗವಂತನ ಕೂರ್ಮಾವತಾರಕ್ಕೆ ಮೀಸಲಾದ ಪ್ರಾಚೀನ ದೇವಾಲಯಗಳಲ್ಲಿ ಅದು ಅಗ್ರಗಣ್ಯ.

ಇಷ್ಟು ಬರೆಯುವ ನಾವೂ ಆ ವಿರಳರಲ್ಲಿ ಒಬ್ಬರಾಗಿರಲಿಲ್ಲವೆಂದು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಸೇವೆಯಲ್ಲಿದ್ದ ಕಾಲದಲ್ಲಿ ನಾವು ಕೆಲವು ವರ್ಷ ವಾಲ್ಟೇರ್ ವಿಭಾಗದಲ್ಲಿದ್ದೆವು. ಆ ವಿಭಾಗ ಆಗ ದಕ್ಷಿಣ ಪೂರ್ವ ರೈಲ್ವೆಗೆ ಸೇರಿತ್ತು. ಪೂರ್ವ ಕರಾವಳಿ ರೈಲ್ವೆಗೆ ಸೇರಿದ್ದು 2003ರಲ್ಲಿ. ಹೌರಾ-ಚೆನ್ನೈ ಮುಖ್ಯ ಮಾರ್ಗದಲ್ಲಿ ಶ್ರೀಕಾಕುಳಂ ರೋಡ್ ಎಂಬ ನಿಲ್ದಾಣವಿದೆ. ಊರಿನ ಹೆಸರು ಆಮದಾಲವಲಸ. ಆ ನಿಲ್ದಾಣದಲ್ಲಿ ನಾವು ಎಷ್ಟು ಸಲ ತಪಾಸಣೆಗೆ ಇಳಿದಿದ್ದೇವೆಯೋ ಲೆಕ್ಕವಿಲ್ಲ. ರಿಜಿಸ್ಟರುಗಳನ್ನು ನೋಡಿ, ಸಹಿ ಮಾಡಿ, ಸ್ಟೇಷನ್ ಮಾಸ್ತರರು ಕೊಟ್ಟ ಚಹಾ ಕುಡಿದು, ಮುಂದಿನ ಗಾಡಿಗೆ ಹತ್ತುತ್ತಿದ್ದೆವು. ಅಲ್ಲಿಂದ ಒಂದು ಗಂಟೆಯ ರಸ್ತೆಯಲ್ಲಿ ನಮ್ಮ ಗುರುಗಳ ಕಾಲದ ಶಾಸನವಿದೆಯೆಂಬುದು ನಮಗೆ ತಿಳಿದಿರಲಿಲ್ಲ. ನಿವೃತ್ತರಾದ ಮೇಲೆ, ಸಂಸ್ಕೃತದ ಹಳೆಯ ಗ್ರಂಥಗಳ ಜೊತೆಗೆ ಶಾಸನಗಳ ಸಂಪುಟಗಳನ್ನೂ ತಿರುವಿ ನೋಡುವ ಅಭ್ಯಾಸ ಹತ್ತಿದಾಗ ಅದು ಕಣ್ಣಿಗೆ ಬಿತ್ತು.

ಕಣ್ಣಿಗೆ ಬಿದ್ದುದನ್ನು ಸರಿಯಾಗಿ ಓದಿದೆವೇ? ಅದೂ ಇಲ್ಲ. ಒಂದು ನಗರದ ಆರಾಧನಾ ಸಭೆಯಲ್ಲಿ ಉಪನ್ಯಾಸ ಮಾಡುತ್ತ, ಶ್ರೀನರಹರಿತೀರ್ಥರು ಕಳಿಂಗದಲ್ಲಿ ಹನ್ನೆರಡು ವರ್ಷ ಬಾಲರಾಜನ ಪರವಾಗಿ ರಾಜ್ಯಭಾರ ಮಾಡಿದರೆಂದೂ, ಅಲ್ಲಿನ ಭಂಡಾರದಿಂದ ಮೂಲರಾಮ-ಸೀತಾ ಪ್ರತಿಮೆಗಳನ್ನು ತಂದು ಶ್ರೀಮದಾಚಾರ್ಯರಿಗೆ ಒಪ್ಪಿಸಿದರೆಂದೂ, ಇದೆಲ್ಲ ಶ್ರೀಕೂರ್ಮದ ಶಿಲಾಶಾಸನದಲ್ಲಿಯೇ ಇದೆಯೆಂದೂ ದೊಡ್ಡ ಧ್ವನಿಯಲ್ಲಿ ಹೇಳಿಬಿಟ್ಟೆವು. ಸಭೆ ಮುಗಿದ ಮೇಲೆ ವೃದ್ಧ ಶ್ರೋತೃಗಳೊಬ್ಬರು ಹತ್ತಿರ ಬಂದು, 'ಆಚಾರ್ಯರೇ, ಶಾಸನದ ಎಷ್ಟನೆಯ ಶ್ಲೋಕದಲ್ಲಿ ಅದು ಬಂದಿದೆ?' ಎಂದು ವಿನಯದಿಂದ ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಮೂಲಪಾಠವನ್ನು ಮೊದಲಿನಿಂದ ಕಡೆಯವರೆಗೆ ಓದಿದೆವು. ಮೂಲರಾಮನ ಮಾತು ಅದರಲ್ಲಿಲ್ಲ. ಹನ್ನೆರಡು ವರ್ಷದ ಲೆಕ್ಕವೂ ಇಲ್ಲ.

ಇದಾದ ಕೆಲವು ತಿಂಗಳಿಗೆ ಪುಣೆಯಲ್ಲಿರುವ ನಮ್ಮ ಮೊಮ್ಮಗನಿಂದ ಇನ್ನೊಂದು ಪ್ರಶ್ನೆ ಬಂದಿತು. ಅವನಿಗೆ ಹನ್ನೆರಡು ವರ್ಷ, ಉಪನಯನವಾಗಿದೆ. ಶಾಲೆಯಲ್ಲಿ ಮರಾಠಿ, ಹಿಂದಿ. ಕನ್ನಡ ಅಕ್ಷರಗಳನ್ನು ಮನೆಯಲ್ಲಿ ಅವನ ತಾಯಿ ಕಲಿಸಿದ್ದಾಳೆ. ಎರಡು ಪುಸ್ತಕಗಳನ್ನು ಎದುರಿಗಿಟ್ಟು, 'ಅಜ್ಜಾ, ಮಧ್ವಾಚಾರ್ಯರು ಹುಟ್ಟಿದ್ದು ಈ ಪುಸ್ತಕದಾಗ 1199 ಅಂತದ, ಇದರಾಗ 1238 ಅಂತದ. ಯಾವುದು ಖರೆ?' ಎಂದನು. ಮಹಾತ್ಮರ ಅವತಾರದ ತಿಥಿಯನ್ನು ಕೇಳಬೇಕು, ವರ್ಷವನ್ನಲ್ಲ ಎಂದು ನಾವು ಅವನ ಬಾಯಿ ಮುಚ್ಚಿಸಿದೆವು. ಹುಡುಗ ಪುಸ್ತಕಗಳನ್ನು ಎತ್ತಿಕೊಂಡು ಒಳಗೆ ಹೋದನು. ಹಿಂದಿನ ಸಭೆಯ ವೃದ್ಧರ ಮುಖ ನಮಗೆ ನೆನಪಾಯಿತು. ಕಳೆದ ಮಾಘಮಾಸದಲ್ಲಿ ಅವನನ್ನೂ, ನಮ್ಮ ಮನೆಯವರನ್ನೂ ಕರೆದುಕೊಂಡು ಶ್ರೀಕೂರ್ಮಕ್ಕೆ ಹೊರಟುದಕ್ಕೆ ಕಾರಣ ಇದು.

ವಿಶಾಖಪಟ್ಟಣದಿಂದ ಗಾಡಿಯಲ್ಲಿ ಎರಡು ಗಂಟೆಯೊಳಗೆ ಶ್ರೀಕಾಕುಳಂ ರೋಡ್ ತಲುಪಿದೆವು. ನಿಲ್ದಾಣದಿಂದ ಶ್ರೀಕಾಕುಳಂ ಪಟ್ಟಣಕ್ಕೆ ಸುಮಾರು 13 ಕಿಲೋಮೀಟರು, ಪಟ್ಟಣದಿಂದ ಕ್ಷೇತ್ರಕ್ಕೆ ಸುಮಾರು ಅಷ್ಟೇ ದೂರ. ಪಟ್ಟಣವನ್ನು ಬಳಸಿ ನಾಗಾವಳಿ ನದಿ ಹರಿಯುತ್ತದೆ. ಪಕ್ಕದಲ್ಲೇ ಅರಸವಲ್ಲಿಯ ಪ್ರಸಿದ್ಧ ಸೂರ್ಯದೇವಾಲಯವಿದೆ. ರಥಸಪ್ತಮಿ ಕಳೆದು ಕೆಲವೇ ದಿನಗಳಾಗಿದ್ದುದರಿಂದ ಅಲ್ಲಿ ಇನ್ನೂ ಜನಸಂದಣಿ ಇದ್ದಿತು. ಅಲ್ಲಿಂದ ಮುಂದೆ ಬತ್ತದ ಗದ್ದೆಗಳ, ತೆಂಗಿನ ಮರಗಳ ನಡುವೆ ದಾರಿ.

ದೇವಾಲಯದ ಎದುರಿನ ವಿಶಾಲವಾದ ಕೊಳಕ್ಕೆ ಶ್ವೇತಪುಷ್ಕರಿಣಿ ಎಂದು ಹೆಸರು. ಶ್ವೇತನೆಂಬ ರಾಜನ ತಪಸ್ಸಿಗೆ ಮೆಚ್ಚಿ ಭಗವಂತನು ಇಲ್ಲಿ ಕೂರ್ಮರೂಪದಿಂದ ನೆಲೆಸಿದನೆಂಬುದು ಸ್ಥಳಪುರಾಣ. ಕ್ಷೇತ್ರದ ಒಂದು ವೈಶಿಷ್ಟ್ಯ ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ: ಸ್ವಾಮಿಯು ಪಶ್ಚಿಮಾಭಿಮುಖನು. ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು ಎಂದು ಎರಡು ಧ್ವಜಸ್ತಂಭಗಳಿವೆ. ಗರ್ಭಗುಡಿಯಲ್ಲಿ ನಿಂತ ಮೂರ್ತಿಯನ್ನು ನಿರೀಕ್ಷಿಸಿ ಹೋದವರ ದೃಷ್ಟಿ ಮೊದಲು ಶೂನ್ಯವನ್ನೇ ಕಾಣುತ್ತದೆ. ಅದನ್ನು ಕೆಳಗಿಳಿಸಬೇಕು. ನೆಲಕ್ಕೆ ಸಮೀಪವಾಗಿ, ತಲೆ ಬೆನ್ನು ಬಾಲಗಳ ರೂಪರೇಖೆಯುಳ್ಳ ಶಿಲೆಯಾಗಿ ಶ್ರೀಕೂರ್ಮನಾಥನು ವಿರಾಜಿಸುತ್ತಾನೆ. ಶ್ರೀಮದ್ಭಾಗವತದ ಅಷ್ಟಮಸ್ಕಂಧದಲ್ಲಿ ಮಂದರಪರ್ವತವನ್ನು ಬೆನ್ನಿನ ಮೇಲೆ ಹೊತ್ತ ಕಥೆಯನ್ನು ಎಷ್ಟೋ ಸಲ ಪ್ರವಚನದಲ್ಲಿ ಕೇಳಿದ್ದೇವೆ, ಹೇಳಿದ್ದೇವೆ. ಹೊರುವವನು ಕೆಳಗಿರುತ್ತಾನೆ ಎಂಬ ಸರಳ ಸಂಗತಿ ಅಲ್ಲಿ ತಲೆ ಬಾಗಿಸಿ ನೋಡಿದಾಗಲೇ ನಮ್ಮ ಅರಿವಿಗೆ ಬಂದುದು.

ಪ್ರದಕ್ಷಿಣಪಥದ ಗೋಡೆಗಳ ಮೇಲೆ ಹಳೆಯ ವರ್ಣಚಿತ್ರಗಳಿವೆ, ಕೆಲವು ಮಾಸಿಹೋಗಿವೆ. ಮಂಟಪದ ಕಂಬಗಳಲ್ಲಿ ಬಹುಸಂಖ್ಯೆಯವು ಶಾಸನಗಳನ್ನು ಹೊತ್ತಿವೆ. ಪೂರ್ವಗಂಗ ವಂಶದ ಅರಸರು ಕಳಿಂಗವನ್ನಾಳುತ್ತಿದ್ದ ಕಾಲದಲ್ಲಿ ನಂದಾದೀಪಕ್ಕೆಂದು, ನೈವೇದ್ಯಕ್ಕೆಂದು ದಾನ ಕೊಟ್ಟವರ ಹೆಸರುಗಳು ಅವು. ಗಂಗರೆಂದರೆ ನಮ್ಮ ತಲಕಾಡಿನ ಗಂಗರಲ್ಲ. ಕೋಣಾರ್ಕದ ಸೂರ್ಯದೇವಾಲಯವನ್ನು ಕಟ್ಟಿಸಿದ ನರಸಿಂಹದೇವನ ವಂಶದವರು. ನಮ್ಮ ಶಾಸನದ ಕಾಲಕ್ಕೆ ಆಳುತ್ತಿದ್ದವನು ಅವನ ಮೊಮ್ಮಗ, ಇಮ್ಮಡಿ ನರಸಿಂಹದೇವ.

ವಯೋವೃದ್ಧ ಅರ್ಚಕರನ್ನು, 'ನರಹರಿತೀರ್ಥುಲವಾರಿ ಶಾಸನಂ ಎಕ್ಕಡ?' ಎಂದು ನಮಗೆ ಉಳಿದಿದ್ದಷ್ಟು ತೆಲುಗಿನಲ್ಲಿ ಕೇಳಿದೆವು. ಅವರು ಮರುಮಾತಿಲ್ಲದೆ ಕರೆದುಕೊಂಡು ಹೋಗಿ ಕಂಬವನ್ನು ತೋರಿಸಿ, 'ಮೀರು ಮಾಧ್ವುಲಾ?' ಎಂದರು. ನಮ್ಮವರು ಆಗಾಗ ಬಂದು ಕೇಳುವುದುಂಟೆಂದು ಅದರಿಂದ ತಿಳಿಯಿತು.

ಶಾಸನದ ಭಾಷೆ ಸಂಸ್ಕೃತ, ಪದ್ಯರೂಪ. ಲಿಪಿ ಅಂದಿನ ತೆಲುಗು. ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ತೆಲುಗು, ಕನ್ನಡ ಲಿಪಿಗಳು ಬಹುಕಾಲ ಒಂದಾಗಿಯೇ ಬೆಳೆದು ಕ್ರಮೇಣ ಬೇರೆಯಾದವು. ಹದಿಮೂರನೆಯ ಶತಮಾನದ ಅಕ್ಷರಗಳು ಎರಡು ಕಡೆಯವರಿಗೂ ಸ್ವಲ್ಪ ಪ್ರಯತ್ನದಿಂದ ಗುರುತು ಸಿಗುತ್ತವೆ. ಮೊಮ್ಮಗನು ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿ, 'ಅಜ್ಜಾ, ಇದು ರ. ಇದು ನ ಇರಬೇಕು' ಎಂದನು. ಸರಿಯಾಗಿತ್ತು.

ಈ ಶಾಸನವನ್ನು ಓದಿ, ಸಂಪಾದಿಸಿ, 'ಎಪಿಗ್ರಾಫಿಯ ಇಂಡಿಕ'ದ ಆರನೆಯ ಸಂಪುಟದಲ್ಲಿ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನವನ್ನು ಸಂಪಾದಿಸಿದವರೂ ಅವರೇ. ಶ್ರೀನರಹರಿತೀರ್ಥರ ಐತಿಹಾಸಿಕ ಸಾಕ್ಷ್ಯವನ್ನು ಲೋಕದ ಮುಂದೆ ಇಟ್ಟವರು ನಮ್ಮ ನಾಡಿನ ವಿದ್ವಾಂಸರೇ ಎಂಬುದು ಸಂತೋಷದ ವಿಷಯ.

ಶಾಸನ ಹೇಳುವುದಿಷ್ಟು. ಪುರುಷೋತ್ತಮತೀರ್ಥರ ಸ್ತುತಿ ಮೊದಲು. ಇವರೇ ನಮ್ಮ ಸಂಪ್ರದಾಯದ ಅಚ್ಯುತಪ್ರೇಕ್ಷರು. ಬಳಿಕ ಅವರ ಶಿಷ್ಯರಾದ ಆನಂದತೀರ್ಥರ ಸ್ತುತಿ. ಅನಂತರ ಅವರ ಶಿಷ್ಯರಾದ ನರಹರಿತೀರ್ಥರು. ಇವರು ಕಳಿಂಗದ ಜನರನ್ನು ಧರ್ಮದಿಂದ ರಕ್ಷಿಸಿದರೆಂದೂ, ಶಬರರ ಹಾವಳಿಯಿಂದ ಶ್ರೀಕೂರ್ಮಕ್ಷೇತ್ರವನ್ನು ಕಾಪಾಡಿದರೆಂದೂ ವರ್ಣನೆಯಿದೆ. ಕಡೆಗೆ, ಶಕವರ್ಷ 1203ರಲ್ಲಿ ಶ್ರೀಕೂರ್ಮನಾಥನ ಎದುರಿಗೆ ಗುಡಿಯನ್ನು ಕಟ್ಟಿಸಿ ಯೋಗಾನಂದ ನರಸಿಂಹನನ್ನು ಪ್ರತಿಷ್ಠಾಪಿಸಿದರೆಂದು ಹೇಳಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ: 1281.

ಸಂನ್ಯಾಸಿಗಳೊಬ್ಬರು ರಾಜ್ಯದ ಹೊಣೆಯನ್ನು ಹೊತ್ತಿದ್ದರೆಂಬ ಸಂಪ್ರದಾಯದ ಮಾತಿಗೆ ಈ ಶಾಸನ ದೊಡ್ಡ ಆಧಾರ. ಬಾಲರಾಜ, ಹನ್ನೆರಡು ವರ್ಷ, ಭಂಡಾರದ ಪ್ರತಿಮೆಗಳು, ಇವು ಗುರುಚರಿತ್ರೆಗಳಿಂದ ನಮಗೆ ಬಂದವು. ನಾವು ಅವನ್ನು ನಂಬುತ್ತೇವೆ. ಆದರೆ ನಂಬಿಕೆಯ ಆಧಾರ ಒಂದು, ಶಾಸನದ ಆಧಾರ ಇನ್ನೊಂದು. ಪ್ರಮಾಣವಿಚಾರದಲ್ಲಿ ಇಷ್ಟು ಸೂಕ್ಷ್ಮವಾದ ನಮ್ಮ ಸಿದ್ಧಾಂತದ ಅನುಯಾಯಿಗಳು, ಒಂದು ಪ್ರಮಾಣದಿಂದ ಸಿಕ್ಕಿದ್ದನ್ನು ಇನ್ನೊಂದರ ಹೆಸರಿನಲ್ಲಿ ಹೇಳುವುದು ಸಲ್ಲದು. ಆ ವೃದ್ಧರು ಕೇಳಿದ ಪ್ರಶ್ನೆಯ ತಿರುಳು ಅದೇ ಆಗಿತ್ತು.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಇಲ್ಲಿ ವಾಚಕರು ಸ್ವಲ್ಪ ತಾಳ್ಮೆಯಿಂದ ಲೆಕ್ಕವನ್ನು ಅನುಸರಿಸಬೇಕೆಂದು ಪ್ರಾರ್ಥನೆ. ಕಾಗದ ಪೆನ್ಸಿಲು ಹಿಡಿದರೆ ಇನ್ನೂ ಒಳ್ಳೆಯದು.

ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ 32ನೆಯ, ಅಂದರೆ ಕಡೆಯ ಅಧ್ಯಾಯದಲ್ಲಿ, ಕಲಿಯುಗದ 4300 ವರ್ಷಗಳು ಕಳೆದ ಮೇಲೆ ತಮ್ಮ ಅವತಾರವೆಂದು ಸೂಚಿಸಿದ್ದಾರೆ. ಕಲಿಯುಗಾರಂಭ ಕ್ರಿಸ್ತಪೂರ್ವ 3102. ಗಣಿತ ಮಾಡಿದರೆ 1199 ಬರುತ್ತದೆ. ಆಚಾರ್ಯರು ಭೂಮಿಯ ಮೇಲೆ ಕಾಣಿಸಿಕೊಂಡಿದ್ದುದು 79 ವರ್ಷವೆಂಬುದು ಪ್ರಸಿದ್ಧ; ಆದ್ದರಿಂದ ಅದೃಶ್ಯರಾದುದು 1278. ಇದು ಮೊದಲನೆಯ ಪಕ್ಷ.

ಮಠಗಳಲ್ಲಿ ಉಳಿದುಬಂದ ಪರಂಪರೆಯ ಪಟ್ಟಿಗಳು ಬೇರೆ ಹೇಳುತ್ತವೆ. ಅವುಗಳ ಪ್ರಕಾರ ಅವತಾರ ಶಕ 1040 ವಿಳಂಬಿ ಸಂವತ್ಸರ, ಅದೃಶ್ಯರಾದುದು ಶಕ 1119 ಪಿಂಗಳ. ಪದ್ಮನಾಭತೀರ್ಥರ ಕಾಲ ಶಕ 1126 ರಕ್ತಾಕ್ಷಿಯವರೆಗೆ. ನರಹರಿತೀರ್ಥರು ವೃಂದಾವನಸ್ಥರಾದುದು ಶಕ 1135 ಶ್ರೀಮುಖ. ಶ್ರೀಕೂರ್ಮದ ಕಂಬ ಅಡ್ಡಬರುವುದು ಇಲ್ಲಿಯೇ. ಶಕ 1135ರಲ್ಲಿ ವೃಂದಾವನಸ್ಥರಾದವರು ಶಕ 1203ರಲ್ಲಿ ಗುಡಿ ಕಟ್ಟಿಸಿ ಪ್ರತಿಷ್ಠೆ ಮಾಡಿದರೆನ್ನಲು ಸಾಧ್ಯವಿಲ್ಲ. ನಡುವೆ 68 ವರ್ಷಗಳ ಅಂತರ.

ಹಾಗಾದರೆ ಪಟ್ಟಿ ಬರೆದ ಹಿರಿಯರು ಸುಳ್ಳು ಬರೆದರೇ? ಹಾಗೆನ್ನಲು ನಮ್ಮ ನಾಲಗೆ ಏಳುವುದಿಲ್ಲ. ಏಳಬೇಕಾದ ಕಾರಣವೂ ಇಲ್ಲ. ಅವರಿಗೆ ಅನುಷ್ಠಾನಕ್ಕೆ ಬೇಕಾದುದು ತಿಥಿ. ಸಂಕಲ್ಪದಲ್ಲಿ ಬರುವುದು ಸಂವತ್ಸರದ ಹೆಸರು. ಅವೆರಡನ್ನೂ ಶಿಷ್ಯಪರಂಪರೆಯಲ್ಲಿ ಜೋಪಾನವಾಗಿ ಕಾಪಾಡಿದರು. ಸಂವತ್ಸರಚಕ್ರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ವಿಳಂಬಿ ಎಂದರೆ ಯಾವ ವಿಳಂಬಿ? ನಮ್ಮ ವೃತ್ತಿಯ ದೃಷ್ಟಾಂತವನ್ನು ಕೊಡುವುದಾದರೆ, ಗಾರ್ಡಿನ ದಿನಚರಿಯಲ್ಲಿ 'ಶನಿವಾರ ರಾತ್ರಿ ಗಾಡಿ ನಿಂತಿತು' ಎಂದಿದ್ದು ತಾರೀಖು ಅಳಿಸಿಹೋಗಿದ್ದರೆ, ವಾರ ಸತ್ಯವೇ. ಆದರೆ ಯಾವ ಶನಿವಾರವೆಂಬುದನ್ನು ಬೇರೆ ನಿಲ್ದಾಣದ ರಿಜಿಸ್ಟರಿನಿಂದ ಗೊತ್ತುಮಾಡಬೇಕು. ಎಷ್ಟೋ ತಲೆಮಾರುಗಳ ಬಳಿಕ ಯಾರೋ ಸಂವತ್ಸರಗಳಿಗೆ ಶಕವರ್ಷಗಳನ್ನು ಜೋಡಿಸುವಾಗ ಎರಡು ಸುತ್ತು ಹಿಂದಕ್ಕೆ ಜಾರಿದರೆಂದು ಭಾವಿಸೋಣ. ಎರಡು ಸುತ್ತಿಗೆ 120 ವರ್ಷ. ಪಟ್ಟಿಯ ಅಂಕಿಗಳಿಗೆಲ್ಲ 120 ಕೂಡಿಸಿದರೆ ಅವತಾರ 1238 ವಿಳಂಬಿ, ಅದೃಶ್ಯರಾದುದು 1317 ಪಿಂಗಳ, ಪದ್ಮನಾಭತೀರ್ಥರು 1324 ರಕ್ತಾಕ್ಷಿಯವರೆಗೆ, ನರಹರಿತೀರ್ಥರು 1333 ಶ್ರೀಮುಖದವರೆಗೆ. ಒಂದು ಹೆಸರೂ ಕದಲಲಿಲ್ಲ, ಅವಧಿಗಳೂ ಹಾಗೆಯೇ ಉಳಿದವು, ಕಂಬದ ಶಾಸನವೂ ಸರಿಹೊಂದಿತು. ಇದು ಇನ್ನೊಂದು ಪಕ್ಷ. ದ್ವೈತವೇದಾಂತದ ಇತಿಹಾಸವನ್ನು ವಿಸ್ತಾರವಾಗಿ ಬರೆದ ಡಾ. ಬಿ.ಎನ್.ಕೆ. ಶರ್ಮರು ಇದನ್ನೇ ಸಮರ್ಥಿಸಿದ್ದಾರೆ.

ಆದರೆ ಇಲ್ಲಿಯೂ ಆತುರ ಸಲ್ಲದು. ಶಾಸನ ಪಟ್ಟಿಯ ಅಂಕಿಗಳನ್ನು ತಳ್ಳಿಹಾಕುತ್ತದೆ, ನಿಜ. ಆದರೆ ಅದೊಂದೇ 1199ರ ಪಕ್ಷವನ್ನು ತಳ್ಳಿಹಾಕಲಾರದು. 1281ರಲ್ಲಿ ಆಚಾರ್ಯರು ಭೂಮಿಯ ಮೇಲಿದ್ದರೇ, ಅದೃಶ್ಯರಾಗಿ ಮೂರು ವರ್ಷವಾಗಿದ್ದಿತೇ ಎಂಬುದನ್ನು ಶಾಸನ ಹೇಳುವುದಿಲ್ಲ. ಎರಡು ಪಕ್ಷಗಳಲ್ಲಿಯೂ ನರಹರಿತೀರ್ಥರು ಆ ವರ್ಷ ಕಳಿಂಗದಲ್ಲಿರಬಹುದು. ನಿರ್ಣಯಕ್ಕೆ ಬೇರೆ ಸಾಮಗ್ರಿ ಬೇಕು. 1290ರ ದಶಕದಲ್ಲಿಯೂ ಅವರ ಹೆಸರು ಕಳಿಂಗದ ಶಾಸನಗಳಲ್ಲಿ ಕಾಣುತ್ತದೆ. 1278ರಿಂದ ಎಣಿಸಿದರೆ ಅದು ಅವರು ಪೀಠದಲ್ಲಿರಬೇಕಾದ ಕಾಲ. ಪೀಠಾಧಿಪತಿಗಳು ಅಷ್ಟು ದೀರ್ಘಕಾಲ ದೂರದ ರಾಜ್ಯಕಾರ್ಯದಲ್ಲಿದ್ದರೆನ್ನುವುದು ಕಷ್ಟ. ಇನ್ನೂ ಒಂದು ಸಂಗತಿ: 1199 ಸಿದ್ಧಾರ್ಥಿ ಸಂವತ್ಸರ, 1278 ಬಹುಧಾನ್ಯ, ಪರಂಪರೆ ನೆನಪಿಟ್ಟುಕೊಂಡ ವಿಳಂಬಿಯೂ ಅಲ್ಲ, ಪಿಂಗಳವೂ ಅಲ್ಲ.

ಎದುರುಪಕ್ಷದವರ ಮಾತೂ ಹಗುರವಾದುದಲ್ಲ. ಆಚಾರ್ಯರೇ ಸ್ವಮುಖದಿಂದ ಹೇಳಿದ ವರ್ಷವಿರುವಾಗ, ಯಾರೋ ನಕಲು ಮಾಡಿದ ಪಟ್ಟಿಯ ಸಂವತ್ಸರವನ್ನು ಹಿಡಿದು ಅದನ್ನು ಸರಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಇದಕ್ಕೆ ವೈಯಾಕರಣರ ಸಮಾಧಾನವೊಂದುಂಟು. ಅಲ್ಲಿರುವುದು 'ಕಳೆದಿರಲಾಗಿ' ಎಂಬ ಅರ್ಥದ ಸತಿಸಪ್ತಮೀ ಪ್ರಯೋಗ. 'ಮಳೆಗಾಲ ಕಳೆದ ಮೇಲೆ ಬಂದನು' ಎಂದರೆ ಮಳೆಗಾಲ ಮುಗಿದ ಮರುದಿನವೇ ಬಂದನೆಂದು ಅರ್ಥವಾಗಬೇಕಿಲ್ಲ. 4300 ಎಂಬುದು ಶತಮಾನವನ್ನು ಸೂಚಿಸುವ ಸ್ಥೂಲಸಂಖ್ಯೆಯಾದರೆ 1238 ಅದರೊಳಗೇ ಬರುತ್ತದೆ. ಸಮಾಧಾನ ಸಾಧುವಾಗಿದೆ, ಆದರೆ ವಾಕ್ಯವನ್ನು ಮೊದಲ ಬಾರಿಗೆ ಓದಿದವನಿಗೆ ನೇರವಾಗಿ ಹೊಳೆಯುವ ಅರ್ಥ ಅದಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಒಲವು 1238ರ ಕಡೆಗೆ. ನಮಗಿಂತ ಹೆಚ್ಚು ಓದಿದ, ನಮಗಿಂತ ಹೆಚ್ಚು ಆಚಾರವಂತರಾದ ವಿದ್ವಾಂಸರು 1199 ಎನ್ನುತ್ತಾರೆ. ವಿಜಯದಶಮಿಯಂದು, ಮಾಘ ಶುದ್ಧ ನವಮಿಯಂದು ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ತೀರ್ಥಪ್ರಸಾದ ಸ್ವೀಕರಿಸುತ್ತೇವೆ.

ಇದನ್ನೆಲ್ಲ ಮಂಟಪದ ನೆರಳಿನಲ್ಲಿ ಕುಳಿತು ಮೊಮ್ಮಗನಿಗೆ ವಿವರಿಸಿದೆವು. ಅವನು ಬೆರಳು ಮಡಿಸಿ 60, 120 ಎಂದು ಲೆಕ್ಕ ಹಾಕಿದನು. 'ಹಂಗಾದರ ಅವತ್ತು ಹಿಂಗ ಯಾಕ ಹೇಳಲಿಲ್ಲ ಅಜ್ಜಾ?' ಎಂದನು. ನಮ್ಮ ಮನೆಯವರು ಮುಖ ತಿರುಗಿಸಿ ನಕ್ಕರು. ನಮಗೆ ಆಗ ಗೊತ್ತಿರಲಿಲ್ಲವೆಂದು ಹೇಳಿದೆವು. ಅವನು ಅದನ್ನು ಸಹಜವಾಗಿಯೇ ಸ್ವೀಕರಿಸಿದನು.

ಆ ಶಾಸನದ ಎದುರು ಕುಳಿತಾಗ ಇನ್ನೊಂದು ವಿಚಾರ ಮನಸ್ಸಿಗೆ ಬಂದಿತು. ಶ್ರೀಮದಾಚಾರ್ಯರ ಗೀತಾಭಾಷ್ಯಕ್ಕೆ ಭಾವಪ್ರಕಾಶಿಕಾ ಎಂಬ ಟೀಕೆಯನ್ನು ಸಂಸ್ಕೃತದಲ್ಲಿ ಬರೆದವರು ಈ ಮಹನೀಯರು. ಕಳಿಂಗದ ಕಂಬದ ಮೇಲೆ ತೆಲುಗು ಲಿಪಿಯಲ್ಲಿ ಇವರ ಕೀರ್ತಿ. ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದ ಮೊದಲಿಗರೆಂದು ಹರಿದಾಸಪರಂಪರೆ ಸ್ಮರಿಸುವುದೂ ಇವರನ್ನೇ, ಅಂಥ ಕೆಲವೇ ಪದಗಳು ಈಗ ಉಳಿದಿವೆ. ವೃಂದಾವನವಿರುವುದು ಹಂಪಿಯ ಚಕ್ರತೀರ್ಥದ ಬಳಿ, ತುಂಗಭದ್ರೆಯ ತೀರದಲ್ಲಿ. ಕಚೇರಿಯ ಕೆಲಸಕ್ಕೆಂದು ಪರಪ್ರಾಂತಕ್ಕೆ ಹೋದವರು ಊರಿನ ಭಾಷೆಯನ್ನೂ ಅನುಷ್ಠಾನವನ್ನೂ ಉಳಿಸಿಕೊಳ್ಳುವುದು ಹೇಗೆಂದು ನಮ್ಮ ಮನೆಗಳಲ್ಲಿ ದಿನವೂ ಚರ್ಚೆಯಾಗುತ್ತದೆ. ಆಚಾರ್ಯರ ಶಿಷ್ಯರೊಬ್ಬರು ರಾಜ್ಯದ ಕಚೇರಿಯನ್ನೇ ನಡೆಸುತ್ತ, ಬಿಡುವಿನಲ್ಲಿ ಕನ್ನಡ ಪದ ಕಟ್ಟುತ್ತಿದ್ದಿರಬಹುದೆಂಬ ಊಹೆ ನಮಗೆ ಹಿತವಾಗಿ ಕಂಡಿತು. ಇದು ಊಹೆಯೇ, ಯಾವ ಶಾಸನದಲ್ಲಿಯೂ ಇಲ್ಲ.

ಹೋಗಬಯಸುವ ಭಕ್ತರಿಗೆ ಕೆಲವು ಸೂಚನೆಗಳು. ಮುಂಬಯಿ, ಪುಣೆ, ಹೈದರಾಬಾದಿನವರು ವಿಶಾಖಪಟ್ಟಣದವರೆಗೆ ಬಂದು, ಸಿಂಹಾಚಲದ ವರಾಹ ಲಕ್ಷ್ಮೀನರಸಿಂಹನ ದರ್ಶನ ಮಾಡಿಕೊಂಡು ಮುಂದೆ ಹೋಗುವುದು ಅನುಕೂಲ. ಸಿಂಹಾಚಲದಲ್ಲಿ ಮೂರ್ತಿ ವರ್ಷವಿಡೀ ಚಂದನಲೇಪದಿಂದ ಆವೃತವಾಗಿರುತ್ತದೆ. ನಿಜರೂಪದರ್ಶನ ಅಕ್ಷಯತೃತೀಯೆಯಂದು ಮಾತ್ರ, ಆ ದಿನ ವೃದ್ಧರೂ ಮಕ್ಕಳೂ ಹೋಗದಿರುವುದು ಲೇಸು. ಅಲ್ಲಿಯೂ ಇನ್ನೂರೈವತ್ತರಷ್ಟು ಶಾಸನಗಳಿವೆ. ಶ್ರೀಕೃಷ್ಣದೇವರಾಯನು 1516ರಲ್ಲಿ ಬಂದು ಆಭರಣಗಳನ್ನು ಒಪ್ಪಿಸಿದ ಶಾಸನ ಅವುಗಳಲ್ಲೊಂದು. ಚೆನ್ನೈಯಿಂದ ಬರುವವರು ಟಿಕೆಟು ತೆಗೆಯುವಾಗ ಗಾಡಿ ಶ್ರೀಕಾಕುಳಂ ರೋಡಿನಲ್ಲಿ ನಿಲ್ಲುವುದೇ ಎಂದು ನೋಡಿಕೊಳ್ಳಬೇಕು. ವೇಗದ ಗಾಡಿಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ. ನಮ್ಮ ಮಡಿ ಊಟದ ಏರ್ಪಾಡು ಕ್ಷೇತ್ರದಲ್ಲಿ ಸಿಗುವುದೆಂದು ನೆಚ್ಚದೆ, ಅವಲಕ್ಕಿ ಮೊಸರು ಹಣ್ಣುಗಳನ್ನು ಜೊತೆಯಲ್ಲಿಟ್ಟುಕೊಂಡರೆ ನಿಶ್ಚಿಂತೆ. ಬೆಳಗಿನ ಹೊತ್ತು ಹೋದರೆ ಮಂಟಪದ ಕಂಬಗಳ ಅಕ್ಷರಗಳು ಓರೆಯ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ.

ಮತ್ತೊಂದು ವಿನಂತಿ. ಶಾಸನವಿರುವ ಕಂಬಗಳಿಗೆ ದಯವಿಟ್ಟು ಯಾರೂ ಕುಂಕುಮ ಹಚ್ಚಬಾರದು, ಎಣ್ಣೆ ಸವರಬಾರದು, ಕರ್ಪೂರವನ್ನು ಬುಡದಲ್ಲಿ ಉರಿಸಬಾರದು. ಭಕ್ತಿಯಿಂದಲೇ ಮಾಡುತ್ತಾರೆ, ನಾವೂ ಹುಡುಗತನದಲ್ಲಿ ಊರ ಗುಡಿಯ ಕಂಬಗಳಿಗೆ ಹಾಗೆ ಮಾಡಿದವರೇ. ಆ ದಿನ ನಾವು ಅಲ್ಲಿದ್ದಾಗ ದೂರದಿಂದ ಬಂದ ಗೃಹಿಣಿಯೊಬ್ಬರು ಅಂಗಾರ ಅಕ್ಷತೆಯ ಭರಣಿಯಿಂದ ಕುಂಕುಮ ತೆಗೆದು ನರಹರಿತೀರ್ಥರ ಹೆಸರಿದ್ದ ಸಾಲಿಗೇ ಹಚ್ಚಲು ಕೈಯೆತ್ತಿದರು. ನಾವು ಏಳುವಷ್ಟರಲ್ಲಿ ಮೊಮ್ಮಗನು ನಡುವೆ ಹೋಗಿ ನಿಂತು, 'ಆಂಟಿ, ಅಲ್ಲಿ ಬ್ಯಾಡ್ರಿ, ಅಕ್ಷರ ಅವ' ಎಂದನು. ಆಕೆ ಅವನನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ, ಆ ಕುಂಕುಮವನ್ನು ಅವನ ಹಣೆಗೇ ಹಚ್ಚಿ ಮುಂದೆ ಹೋದರು.

|| ಶ್ರೀಕೃಷ್ಣಾರ್ಪಣಮಸ್ತು ||